ಹೆಪ್ಪು ಕೇಳಲು ಬಂದವಳು

ನೋಡಿ, ಹೋದ ಸೋಮವಾರ ಪ್ರವಚನ ಮುಗಿದ ಮೇಲೆ ಒಬ್ಬರು ನನ್ನ ಹತ್ತಿರ ಬಂದು ನಿಂತರು. ಕಟ್ಟಿಕೊಂಡವರು ಕ್ಯಾನ್ಸರಿನಲ್ಲಿ ಹೋಗಿ ಐದು ತಿಂಗಳಾಯಿತಂತೆ. "ಮರಿಯೂದು ಹ್ಯಾಂಗ್ರಿ ಅಜ್ಜಾರ?" ಎಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ. ಸುಳ್ಳು ಯಾಕೆ ಹೇಳಲಿ? ಸಂಸಾರ ಮಾಡದ ನಾನು ಸಂಸಾರ ಮುರಿದುಬಿದ್ದವರಿಗೆ ಏನು ಹೇಳಲಿ? ಆದರೆ ಒಬ್ಬ ಮನುಷ್ಯನ ಕಥೆ ಗೊತ್ತು. ಅದನ್ನು ಹೇಳುತ್ತೇನೆ, ಕೇಳಿ.

ಒಂದು ತಾಲ್ಲೂಕು ಊರು. ಆ ಊರಿಗೆ ಒಬ್ಬ ಶ್ರೀಮಂತ. ಶ್ರೀಮಂತ ಎಂದೊಡನೆ ನೀವು ಎರಡಂತಸ್ತಿನ ಮನೆ, ಮೈಮೇಲೆ ಬಂಗಾರ ಎಂದುಕೊಂಡಿರಿ, ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ. ಅದಲ್ಲ. ಅವನು ಬಸ್ ನಿಲ್ದಾಣದಲ್ಲಿ ಕಂಟ್ರೋಲರು. ಹೆಸರು ಚಂಬಣ್ಣ. ಗಾಜಿನ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಕೂಗುವ ಕೆಲಸ. ನಿಲ್ದಾಣದ ಹಿಂದಿನ ಓಣಿಯಲ್ಲೇ ಅವನ ಮನೆ. ಮೈಕಿನ ದನಿ ಅಡುಗೆಮನೆಗೆ ನೆಟ್ಟಗೆ ಕೇಳುತ್ತಿತ್ತು. ಹೆಂಡತಿ ನೀಲಗಂಗವ್ವ ರೊಟ್ಟಿ ಬಡಿಯುತ್ತಾ ಆ ದನಿ ಕೇಳಿಯೇ ಗಂಡನಿಗೆ ಹಸಿವಾಗಿದೆಯೋ, ಯಾವುದೋ ಡ್ರೈವರಿನ ಮೇಲೆ ಸಿಟ್ಟು ಬಂದಿದೆಯೋ, ಗಂಟಲು ಕಟ್ಟಿದೆಯೋ ಹೇಳಿಬಿಡುತ್ತಿದ್ದಳು. ಹುಬ್ಬಳ್ಳಿ ಬಸ್ಸನ್ನು ಸ್ವಲ್ಪ ಎಳೆದು ಕೂಗಿದನೆಂದರೆ ಬುತ್ತಿಯ ಡಬ್ಬಿಗೆ ಇನ್ನೊಂದು ರೊಟ್ಟಿ. ಊರಿಗೆಲ್ಲ ಕೇಳುವ ದನಿಯಲ್ಲಿ ತನ್ನೊಬ್ಬಳಿಗೆ ಬೇಕಾದದ್ದನ್ನು ಕೇಳಿಸಿಕೊಳ್ಳುವವಳು ಮನೆಯಲ್ಲಿದ್ದರೆ ಅವನು ಶ್ರೀಮಂತನಲ್ಲವೇ? ಹೇಳಿ, ಅಲ್ಲವೇ?

ನೀಲಗಂಗವ್ವನಿಗೆ ಒಂದು ಚಟವಿತ್ತು. ಹೆಪ್ಪು ಕೊಡುವ ಚಟ. ನಿಮಗೆಲ್ಲ ಗೊತ್ತಿರುವ ಮಾತು, ದೀಪ ಹಚ್ಚಿದ ಮೇಲೆ ಮನೆಯ ಹೆಪ್ಪು ಹೊರಗೆ ಹೋಗಬಾರದು. ಲಕ್ಷ್ಮಿ ಹೋಗುತ್ತಾಳಂತೆ. ಈಕೆ ಮಾತ್ರ ಕೊಡುತ್ತಿದ್ದಳು. ಸಂಜೆ ಬಟ್ಟಲು ಹಿಡಿದು ಯಾರೇ ಬಂದರೂ ಒಂದು ಚಮಚ ಹಾಕಿಯೇ ಕಳಿಸುವಳು. ಅತ್ತೆ ಇದ್ದಷ್ಟು ದಿನ ಗೊಣಗಿದಳು. ಚಂಬಣ್ಣನೂ ಒಮ್ಮೆ ಕೇಳಿದ. ಅದಕ್ಕೆ ಆಕೆ, ಹಾಲು ಕಾಸುವುದು ಸಂಜೆ, ಹೆಪ್ಪಿಲ್ಲ ಎಂದು ಗೊತ್ತಾಗುವುದೂ ಸಂಜೆ, ಮತ್ತೆ ಮಧ್ಯಾಹ್ನ ಬಂದು ಕೇಳು ಅಂದರೆ ಹೇಗೆ ಎಂದಳು. ಅವನು ನಕ್ಕು ಬುತ್ತಿ ಎತ್ತಿಕೊಂಡು ಕೆಲಸಕ್ಕೆ ಹೋದ.

ಚಂಬಣ್ಣ ನಿವೃತ್ತನಾದ ವರ್ಷವೇ ಆಕೆಗೆ ಗರ್ಭಕೋಶದ ಕ್ಯಾನ್ಸರು ಎಂದು ಗೊತ್ತಾಯಿತು. ಒಂದೂವರೆ ವರ್ಷ ದೊಡ್ಡ ಊರಿನ ಆಸ್ಪತ್ರೆಗೆ ಓಡಾಟ. ಬಸ್ಸಿನಲ್ಲೇ ಓಡಾಟ. ಯಾವ ಬಸ್ಸು ಕಡಿಮೆ ಕುಲುಕುತ್ತದೆ, ಯಾವ ಸೀಟಿನಲ್ಲಿ ಕೂತರೆ ಆಕೆಗೆ ವಾಂತಿಯಾಗುವುದಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಕೀಮೋ ಕೊಡಿಸಿಕೊಂಡು ಬಂದ ವಾರ ಆಕೆಯ ನಾಲಿಗೆಗೆ ಏನೂ ಹಿಡಿಸುತ್ತಿರಲಿಲ್ಲ. ಮೊಸರನ್ನ ಒಂದೇ. ಅದನ್ನು ಅವನು ಕಲೆಸಿ ತಿನ್ನಿಸುತ್ತಿದ್ದ, ಆಕೆ ಉಪ್ಪು ಹೆಚ್ಚಾಯಿತೆಂದು ದಿನಾ ಬೈಯುತ್ತಿದ್ದಳು. ಆ ಬೈಗುಳವನ್ನು ಇವತ್ತು ಕೇಳಲು ಏನು ಬೇಕಾದರೂ ಕೊಟ್ಟಾನು. ಮಧ್ಯಾಹ್ನ ನಾಲ್ಕಕ್ಕೆ ಒಂದು ಮಾತ್ರೆ ತಪ್ಪಬಾರದಿತ್ತು. ಜೀವಮಾನವಿಡೀ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟವನು ಆ ಮಾತ್ರೆಯನ್ನೂ ಒಂದು ದಿನ ತಪ್ಪಿಸಲಿಲ್ಲ. ಆದರೂ ಆಕೆ ಹೋದಳು.

ಹೋದಮೇಲೆ ಏನಾಯಿತು? ಮೂರು ದಿನ ಓಣಿಯವರು ಅನ್ನ ತಂದರು, ನೆಂಟರು ಅತ್ತರು, ಮಗಳು ಒಂದು ತಿಂಗಳಿದ್ದು ರಾಣೆಬೆನ್ನೂರಿಗೆ ಗಂಡನ ಮನೆಗೆ ಹೊರಟಳು. ಎಲ್ಲ ಆಗುವುದೇ. ಮನೆಯಲ್ಲಿ ಅವನೊಬ್ಬ ಉಳಿದ. ಮಧ್ಯಾಹ್ನ ನಾಲ್ಕಾಯಿತೆಂದರೆ ಕಾಲು ತಾನಾಗಿ ಎದ್ದು ನಿಲ್ಲುತ್ತಿತ್ತು. ನೀರಿನ ಲೋಟ ಕೈಗೆ ಬರುತ್ತಿತ್ತು. ಮಾತ್ರೆ ಯಾರಿಗೆ? ಆಗ ಎದೆ ಹೊಡೆದುಕೊಳ್ಳಲು ಶುರುವಾಗುವುದು. ಅಂಗೈ ಬೆವರುವುದು. ತನಗೂ ಕ್ಯಾನ್ಸರಿನ ಗಂಟು ಎದ್ದಿದೆ ಎಂದು ಕನ್ನಡಿಯ ಮುಂದೆ ನಿಂತು ಕುತ್ತಿಗೆ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ನಗಬೇಡಿ. ಮನೆಯಲ್ಲಿ ಆ ರೋಗ ಕಂಡವರಿಗೆ ಈ ಗಾಬರಿ ಗೊತ್ತು. ನಿಮ್ಮಲ್ಲೂ ಕೆಲವರು ಈಗ ತಲೆ ತಗ್ಗಿಸಿದ್ದೀರಿ.

ಇನ್ನೊಂದು ಮಾತು. ಕೊನೆಯ ಸಲ ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ನೀಲಗಂಗವ್ವ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದ್ದಳು. ಮೂರನೆಯ ದಿನ ಆಕೆಗೆ ಮಣ್ಣು ಕೊಟ್ಟು ಬಂದಮೇಲೆ ಚಂಬಣ್ಣನಿಗೆ ಆ ಸ್ಟೀಲಿನ ಡಬ್ಬಿ ಕಣ್ಣಿಗೆ ಬಿತ್ತು. ಆಕೆಯ ಕೈಯ ಮೊಸರು. ತವರುಮನೆಯಿಂದ ತಂದ ಹೆಪ್ಪು, ಮೂವತ್ತೈದು ವರ್ಷ ಆರದೆ ಬಂದದ್ದು ಎಂದು ಅವನ ನಂಬಿಕೆ. ಅದರಲ್ಲಿ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಿದ. ಮರುದಿನ ಕಟ್ಟಿತು. ಅದರ ಮರುದಿನವೂ ಕಟ್ಟಿತು. ಆಕೆ ಈ ಮನೆಯಲ್ಲಿ ಇನ್ನೂ ಇದ್ದಾಳೆ, ಈ ಡಬ್ಬಿಯಲ್ಲಿದ್ದಾಳೆ ಎಂದು ಅವನಿಗೆ ಅನ್ನಿಸಿಬಿಟ್ಟಿತು.

ತಪ್ಪೇ? ತಪ್ಪಲ್ಲ. ಪ್ರೀತಿಗೆ ಏನಾದರೊಂದು ಹಿಡಿದುಕೊಳ್ಳಲು ಬೇಕು. ಆದರೆ ನೋಡಿ, ಮೊದಮೊದಲು ಇವನು ಡಬ್ಬಿಯನ್ನು ಹಿಡಿದುಕೊಂಡ, ಆಮೇಲೆ ಡಬ್ಬಿ ಇವನನ್ನು ಹಿಡಿದುಕೊಂಡಿತು. ಊರು ಬಿಟ್ಟು ಕದಲಲಿಲ್ಲ. ಮೈದುನನ ಮಗನ ಮದುವೆಗೆ ಹೋಗಲಿಲ್ಲ. ರಾತ್ರಿ ಎಲ್ಲಾದರೂ ತಂಗಿದರೆ ಹೆಪ್ಪು ಹಾಕುವವರು ಯಾರು? ಮನೆಯಲ್ಲಿ ಫ್ರಿಜ್ ಇರಲಿಲ್ಲವೇ ಎಂದು ಅಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದೀರಿ. ಇತ್ತು ತಾಯಿ. ಆದರೆ ಕರೆಂಟು ಹೋದರೆ? ಬಾಗಿಲು ಸರಿಯಾಗಿ ಹಾಕಿಕೊಳ್ಳದಿದ್ದರೆ? ಗಾಬರಿಗೆ ಬುದ್ಧಿ ಹೇಳಲು ಹೋಗಿ, ಅದು ನಿಮಗೇ ನೂರು ಪ್ರಶ್ನೆ ತಿರುಗಿ ಕೇಳುತ್ತದೆ.

ಹೀಗಿರುವಾಗ ರಾಣೆಬೆನ್ನೂರಿನ ಮಗಳಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಯಿತು. ಅವ್ವನ ಹೆಸರನ್ನೇ ಇಡುತ್ತೇವೆ, ಹಿಂದಿನ ದಿನವೇ ಬಂದುಬಿಡು ಎಂದು ಮಗಳು ಫೋನಿನಲ್ಲಿ ಮೂರು ಸಲ ಹೇಳಿದಳು. ಇವನು ಮೂರು ಸಲವೂ ನೋಡೋಣ ಎಂದ. ನಾಲ್ಕನೆಯ ಸಲ ಮಗಳು ಅತ್ತಳು. "ಅಪ್ಪಾ, ಅವ್ವನೂ ಇಲ್ಲ, ನೀನೂ ಬರಲಿಲ್ಲಂದ್ರ ನನ್ನ ಕಡಿಯಿಂದ ಯಾರ ನಿಂದರತಾರ ಇಲ್ಲೆ?" ಎಂದಳು. ಚಂಬಣ್ಣ ಫೋನು ಕೆಳಗಿಟ್ಟು ಡಬ್ಬಿ ನೋಡುತ್ತಾ ಕೂತ. ಒಂದು ಕಡೆ ಹೆಂಡತಿಯ ಹೆಸರು ಹೊರಲಿರುವ ಕೂಸು, ಇನ್ನೊಂದು ಕಡೆ ಹೆಂಡತಿಯ ಕೈಯ ಮೊಸರು. ಯಾವುದು ದೊಡ್ಡದು? ನೀವು ಥಟ್ಟನೆ ಹೇಳಿಬಿಡುತ್ತೀರಿ. ಅವನಿಗೆ ಹೇಳಲಾಗಲಿಲ್ಲ.

ಅದೇ ಸಂಜೆ ಪಕ್ಕದ ಮನೆಯ ಮಾಬೂಬಿ ಬಾಗಿಲಲ್ಲಿ ನಿಂತಳು. ಇಪ್ಪತ್ತು ವರ್ಷದಿಂದ ಪಕ್ಕದ ಮನೆ. ಆಕೆಯ ಗಂಡ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಯಲ್ಲಿ ಬಟ್ಟಲು ಹಿಡಿದು, ಒಂಚೂರು ಹೆಪ್ಪು ಇದ್ದರೆ ಕೊಡಿ ಅಣ್ಣಾ ಎಂದು ಕೇಳಿದಳು. ಚಂಬಣ್ಣ ಏನಂದ ಗೊತ್ತೇ? ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ ಎಂದ. ಯಾರ ಮನೆಯಲ್ಲಿ? ನೀಲಗಂಗವ್ವನ ಮನೆಯಲ್ಲಿ! ಮಾಬೂಬಿ ಅವನ ಮುಖವನ್ನೊಮ್ಮೆ ನೋಡಿದಳು. ಆಗಲಿ ಅಣ್ಣಾ ಎಂದು ಬಟ್ಟಲನ್ನು ಸೆರಗಿನ ಮರೆಗೆ ಸರಿಸಿಕೊಂಡು ಹೋದಳು.

ಮರುದಿನ ನಾಲ್ಕಕ್ಕೆ ಬಂದ ಗಾಬರಿ ಸಂಜೆಯಾದರೂ ಇಳಿಯಲಿಲ್ಲ. ಮಗಳ ಅಳು ಕಿವಿಯಲ್ಲಿ, ಮಾಬೂಬಿಯ ಖಾಲಿ ಬಟ್ಟಲು ಕಣ್ಣಲ್ಲಿ. ಆ ಗಾಬರಿಯಲ್ಲೇ ಹಾಲು ಕಾಸಿದ. ಉಗುರುಬೆಚ್ಚಗಾಗುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಒಲೆಯಿಂದ ಇಳಿಸಿದವನೇ, ಡಬ್ಬಿಯ ತಳದಲ್ಲಿದ್ದಷ್ಟನ್ನೂ ಬಳಿದು ಆ ಕುದಿಯುವ ಹಾಲಿಗೆ ಸುರಿದ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಹಸಿರು ನೀರು, ಕೆಳಗೆ ಒಡೆದ ಹಾಲು. ಮಣ್ಣು ಕೊಟ್ಟ ದಿನ ಅಳದ ಮನುಷ್ಯ ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಕೆಯನ್ನು ತಾನೇ ಎರಡನೆಯ ಸಲ ಕಳೆದುಕೊಂಡೆ ಎಂದು ಅತ್ತ.

ಆ ಅಳು ಗೋಡೆಯಾಚೆ ಕೇಳಿಸಿತು. ಮಾಬೂಬಿ ಬಂದಳು, ಬಾಗಿಲು ತಟ್ಟಿದಳು. ಅವನು ತೆರೆದು, ನಾಚಿಕೆಯಿಂದ ತಲೆ ಎತ್ತದೆ, ಆದದ್ದನ್ನೆಲ್ಲ ಹೇಳಿದ. ತವರಿನ ಹೆಪ್ಪು, ಮೂವತ್ತೈದು ವರ್ಷ, ತನ್ನ ಕೈಯಿಂದಲೇ ಹಾಳಾಯಿತು ಎಂದ. ಆಕೆ ಕೇಳುತ್ತಾ ಕೇಳುತ್ತಾ ನಕ್ಕಳು. ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು.

"ಯಾವ ತವರಿನ ಹೆಪ್ಪರಿ ಅಣ್ಣಾ? ಅಕ್ಕಾರು ದವಾಖಾನಿಗೆ ಹೋಗಿ ಬಂದಾಗೆಲ್ಲಾ ನಿಮ್ಮನ್ಯಾಗ ಮೊಸರು ಕೆಟ್ಟಿರತಿತ್ತು. ಕಡೀಕ ಹಾಕಿದ್ದೂ ನಮ್ಮನಿದು. ನಾನ ತಂದು ಕೊಟ್ಟಿದ್ದೆ. ನಮ್ಮನಿದು ಹೋದ್ರ ಅಕ್ಕಾರು ಕೊಡತಿದ್ರು, ಇಬ್ಬರದೂ ಹೋದ್ರ ಮೂಲಿಮನಿ ಗಿರಿಜವ್ವ ಕೊಡತಿದ್ಲು. ಇದು ಓಣಿ ಹೆಪ್ಪರಿ."

ಚಂಬಣ್ಣ ಡಬ್ಬಿಯ ಕಡೆ ತಿರುಗಿ ನೋಡಿದ. ಎಂಟು ತಿಂಗಳು ಊರು ಬಿಡದೆ ಕಾಯ್ದದ್ದು ಪಕ್ಕದ ಮನೆಯ ಮೊಸರು! ಹಾಗಾದರೆ ಮೊನ್ನೆ ನಿಮ್ಮ ಮನೆಯಲ್ಲಿ ಹೆಪ್ಪು ಇಲ್ಲದೆ ಬಂದಾಗಲೂ ನಾನು ಕೊಡಲಿಲ್ಲವಲ್ಲ ತಂಗಿ ಎಂದ.

ಮಾಬೂಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮೊನ್ನೆ ನಮ್ಮನ್ಯಾಗ ಹೆಪ್ಪು ಇತ್ತರಿ ಅಣ್ಣಾ. ಎಂಟು ತಿಂಗಳಾತು, ನಿಮ್ಮ ಬಾಗಲಕ್ಕ ಬಂದು ಯಾರೂ ಏನೂ ಕೇಳವಲ್ರು. ಅಕ್ಕಾರು ಇದ್ದಾಗ ದಿನಾ ಯಾರರೆ ಬಂದು ನಿಂದರತಿದ್ರು. ಅದಕ್ಕ ನಾನರೆ ಹೋಗಿ ಕೇಳೂಣು ಅಂತ ಬಂದಿದ್ದೆ."

ಕೇಳಿದಿರಾ? ಮನೆಯಲ್ಲಿ ಹೆಪ್ಪು ಇಟ್ಟುಕೊಂಡು ಹೆಪ್ಪು ಕೇಳಲು ಬಂದಿದ್ದಳು.

ಆಮೇಲೆ ಆಕೆ, ಕೂಸಿನ ತೊಟ್ಟಿಲಿಗೆ ಹೋಗಿ ಬನ್ನಿ, ಮನೆಯ ಕೀಲಿ ನನ್ನ ಕೈಗೆ ಕೊಡಿ ಎಂದಳು. ಚಂಬಣ್ಣ ಹೋದ. ತಾನೇ ಎಷ್ಟೋ ವರ್ಷ ಕೂಗಿದ ರಾಣೆಬೆನ್ನೂರು ಬಸ್ಸಿನ ಹೆಸರನ್ನು ಬೇರೆ ಯಾರೋ ಮೈಕಿನಲ್ಲಿ ಕೂಗಿದರು, ಅವನು ಹತ್ತಿ ಕೂತ. ತೊಟ್ಟಿಲ ಮುಂದೆ ಮಗಳ ಕಡೆಯವನಾಗಿ ನಿಂತ. ಕೂಸಿನ ಕಿವಿಯಲ್ಲಿ ಹೆಂಡತಿಯ ಹೆಸರು ಹೇಳುವಾಗ, ಬಸ್ ನಿಲ್ದಾಣವನ್ನೇ ತುಂಬುತ್ತಿದ್ದ ಆ ದನಿ ಅಷ್ಟು ಮೆಲ್ಲಗಾದದ್ದನ್ನು ಅಲ್ಲಿದ್ದವರು ಮೊದಲ ಸಲ ಕೇಳಿದರು.

ಅಲ್ಲಿಗೆ ದುಃಖ ಹೋಯಿತೇ? ಹೋಗಲಿಲ್ಲ. ಹೋಯಿತೆಂದು ಹೇಳಿದರೆ ನಾನು ಈ ಗದ್ದುಗೆಯ ಮೇಲೆ ಕೂತು ಸುಳ್ಳು ಹೇಳಿದಂತೆ. ಹೆಸರಿಟ್ಟ ದಿನವೂ ನಾಲ್ಕಕ್ಕೆ ಎದೆ ಹೊಡೆದುಕೊಂಡಿತು. ಆದರೆ ಅವತ್ತು ಅದನ್ನು ಮಗಳಿಗೆ ಹೇಳಿದ. ಮಗಳು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕುತ್ತಿಗೆಯಲ್ಲಿ ಗಂಟೂ ಇಲ್ಲ ಏನೂ ಇಲ್ಲ, ಹತ್ತಿರದವರನ್ನು ಕಳೆದುಕೊಂಡವರಿಗೆ ಹೀಗೆ ಗಾಬರಿ ಬರುವುದುಂಟು, ಅದಕ್ಕೂ ಔಷಧಿಯುಂಟು ಎಂದರು. ಈಗಲೂ ಅವನು ನಾಲ್ಕಕ್ಕೆ ಏಳುತ್ತಾನಂತೆ. ಎದ್ದು ಬಾಗಿಲು ತೆರೆದು ಕಟ್ಟೆಯ ಮೇಲೆ ಕೂರುತ್ತಾನಂತೆ. ಓಣಿಯವರು ಬಂದು ಯಾವ ಊರಿಗೆ ಯಾವ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುತ್ತಾರೆ, ಹೇಳುತ್ತಾನೆ. ಸಂಜೆ ಬಟ್ಟಲು ಹಿಡಿದು ಬಂದವರಿಗೆ ಹೆಪ್ಪನ್ನೂ ಹಾಕುತ್ತಾನೆ.

ಹೋದ ಸೋಮವಾರ ಬಂದು ನಿಂತವರೇ, ಈಗ ನಿಮ್ಮ ಸರದಿ. ಮರೆಯುವುದು ಹೇಗೆ ಎಂದು ಕೇಳಿದಿರಲ್ಲ, ಮರೆಯಬೇಡಿ. ಮರೆಯಬೇಕೆಂದು ಯಾರು ಹೇಳಿದರು? ಆದರೆ ಎದೆ ಹೊಡೆದುಕೊಂಡರೆ, ನಿದ್ದೆ ಬಾರದಿದ್ದರೆ, ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ಹೇಳಿ. ನಾಚಿಕೆಪಡಬೇಡಿ. ನಿಮ್ಮ ಬಾಗಿಲಿಗೆ ಯಾರಾದರೂ ಏನಾದರೂ ಕೇಳಿ ಬಂದರೆ ದಯವಿಟ್ಟು ಇಲ್ಲವೆನ್ನಬೇಡಿ, ಅವರು ಯಾಕೆ ಬಂದಿದ್ದಾರೋ ನಿಮಗೇನು ಗೊತ್ತು?

ಉಳಿದವರ ಜೊತೆ ನನ್ನದೊಂದು ಜಗಳವಿದೆ. ಸಾವಾದ ಮನೆಗೆ ನೀವು ಕೊಡಲು ಮಾತ್ರ ಹೋಗುತ್ತೀರಿ. ಅನ್ನ ಕೊಡುತ್ತೀರಿ, ಸಮಾಧಾನ ಕೊಡುತ್ತೀರಿ, ಉಪದೇಶವನ್ನಂತೂ ಧಾರಾಳವಾಗಿ ಕೊಡುತ್ತೀರಿ. ಕೊಟ್ಟು ಕೊಟ್ಟು, ಈ ಮನುಷ್ಯ ಇನ್ನು ಯಾರಿಗೂ ಬೇಡ ಎಂದು ಅವನಿಗೇ ಅನ್ನಿಸುವಂತೆ ಮಾಡುತ್ತೀರಿ. ಒಂದು ದಿನವಾದರೂ ಏನಾದರೂ ಕೇಳಿದ್ದೀರಾ? ಒಂದು ಚಮಚ ಸಕ್ಕರೆ? ಒಂದು ಹಳೆಯ ಅಡುಗೆ ಮಾಡುವ ರೀತಿ? ಸಂತೆಯ ತನಕ ಜೊತೆ?

ಈ ಸಭೆಯಲ್ಲೂ ಅಂಥವರು ಕೂತಿದ್ದಾರೆ. ನಾನು ಬೆರಳು ತೋರಿಸುವುದಿಲ್ಲ, ನಿಮಗೆಲ್ಲ ಗೊತ್ತು. ಐದು ತಿಂಗಳಿಂದ ಪ್ರಸಾದದ ಪಂಕ್ತಿಯ ಕೊನೆಯಲ್ಲಿ ಕೂತು, ತಲೆ ಎತ್ತದೆ ಉಂಡು ಎದ್ದು ಹೋಗುತ್ತಿದ್ದಾರೆ. ನೀವು ಬಡಿಸುತ್ತೀರಿ, ಅವರು ಸಾಕೆನ್ನುತ್ತಾರೆ. ಇವತ್ತು ಹಾಗಾಗಬಾರದು. ಇನ್ನೈದು ನಿಮಿಷಕ್ಕೆ ಎಲೆ ಹಾಕುತ್ತೀರಿ. ಬಡಿಸಲು ಕೈ ಸಾಲುವುದಿಲ್ಲ. ಯಾರಾದರೊಬ್ಬರು ಹೋಗಿ ಸಾರಿನ ಬಕೆಟ್ಟನ್ನು ಅವರ ಕೈಗೆ ಕೊಡಿ.