ಮಾತಾಡದ ಗ್ರಹದ ಹಡಗುಗಳು

ಇವತ್ತಿನ ಸಂದರ್ಶನದಲ್ಲೂ ನನ್ನ ದನಿ ಗಂಟಲಲ್ಲೇ ಉಳಿದುಬಿಡುತ್ತದೇನೋ ಎಂಬ ಅಳುಕಿನಲ್ಲೇ ಹೊಳಲ್ಕೆರೆಯಲ್ಲಿ ಚಿತ್ರದುರ್ಗದ ಬಸ್ ಹತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರು ಯುವಕರು ಚಪ್ಪಲಿ ಡಬ್ಬಿಯ ಮುಚ್ಚಳದ ಮೇಲೆ ರಟ್ಟಿನ ಬಾಹ್ಯಾಕಾಶ ಹಡಗುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ದುರ್ಗದಲ್ಲಿ ಅವರ ಯುದ್ಧದಾಟದ ಫೈನಲ್ ಅಂತೆ.

“ಲೇ ತಿಪ್ಪೇಶ, ಆಟದ ಇತಿಹಾಸದಾಗೆ ನಮ್ಮ ತೋಪಿನ ಗ್ರಹ, ಈ ಮಾತಾಡದ ಗ್ರಹ, ಎರಡೂ ಹೊಡೆದಾಡಿ ಹಾಳಾದ್ವು. ನಮ್ಮ ಕತೇಲಿ ರಾಜಿ ಆಗ್ಯಾವೆ. ಎರಡಕ್ಕೂ ಒಂದೇ ಪಡೆ.”

“ಸರಿ ಓಬಳೇಶ, ಆ ಮಾತಾಡದ ಗ್ರಹದೋರನ್ನ ಎಲ್ಲಿ ನಿಲ್ಲಿಸ್ತೀಯ?”

“ಹಿಂದ್ಗಡೆ. ಸಾಮಾನು ಹೊರ್ಲಿ.”

“ಯಾಕಲೇ?”

“ಬರೇ ದೀಪ ಮಿಣುಕಿಸ್ತಾರೆ. ಶತ್ರು ಬಂದ್ರೆ ಕೂಗಾಕೂ ಬರಲ್ಲ.”

“ಹೋದ್ಸಲ ಹಂಗೇ ನಿಲ್ಸಿ ಸೋತ್ವಲ್ಲಪ್ಪ! ಶತ್ರು ಮೂಗಿನ ಮುಂದೆ ಬಂದ್ಮೇಲೇ ಗೊತ್ತಾಗಿದ್ದು.”

“ಈ ಸಲ ಗೆಲ್ಲೋದು ನಾವೇ, ಸುಮ್ಕಿರು. ಮುಂದೆಲ್ಲ ನಮ್ಮ ದೊಡ್ಡ ತೋಪಿನ ಹಡಗು.”

“ತೋಪಿಗೆ ಕಣ್ಣೈತೇನಲೇ? ಬತೇರಿ ಮ್ಯಾಲೆ ಕಾವಲುಗಾರನೇ ಇಲ್ದೆ ಕೋಟೆ ಕಾಯ್ದಂಗಾತು.”

“ಕಾವಲಿಗೆ ಯಾರನ್ನ ತರ್ಲಿ, ನಿಮ್ಮಜ್ಜನ್ನ?”

“ನಮ್ಮಜ್ಜ ನಿನಗಿಂತ ವಾಸಿ. ಕೂಗೋ ಮುಂಚೆ ನೋಡ್ತಾನೆ.”

ಬಸ್ ನಿಲ್ದಾಣದೊಳಕ್ಕೆ ತಿರುಗಿತು. ಓಬಳೇಶ ಹಡಗುಗಳನ್ನು ಡಬ್ಬಿಗೆ ಸುರಿದುಕೊಂಡ.

“ಇಳೀರಿ, ಹೋಗಾಣ,” ಎಂದು ಹಿಂದಿನವರು ನನ್ನನ್ನು ತಳ್ಳಿದರು. ಇಬ್ಬರೂ ಮೆಟ್ಟಿಲ ಹತ್ತಿರ ಹೋಗಿಬಿಟ್ಟಿದ್ದರು.

“ಏನ್ರಿ,” ಎಂದೆ. ಬಸ್ಸಿನವರೆಲ್ಲ ತಿರುಗುವಷ್ಟು ಜೋರಾಗಿಯೇ ಬಂದಿತ್ತು ದನಿ. “ಆ ಮಾತಾಡದೋರನ್ನ ಮುಂದೆ ನಿಲ್ಲಿಸ್ರಿ. ಮಾತಾಡದಿದ್ರೂ ನಾವು ಎಲ್ಲಾ ನೋಡ್ತಿರ್ತೀವಿ.”