ದೊಡ್ಡಕ್ಕನ ಹೆಸರಿನಲ್ಲಿ ಬಂದ ಒಪ್ಪಿಗೆ

ಫಿರ್ಯಾದಿ ಹೆಂಗಸು, ವಯಸ್ಸು ನಲವತ್ತಮೂರು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ವಾಸ ಬಸ್ ಡಿಪೋ ಹಿಂದಿನ ಕಟ್ಟಡದ ಮೂರನೇ ಮಹಡಿ. ಸೋಮವಾರ ನಾನೇ ಕೊಟ್ಟ ದೂರಿಗೆ ಸಂಬಂಧಿಸಿ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವವರು ಸೇರಿ ಬರೆದ ಒಂದು ವಿಕಿ, ಅಂದರೆ ಯಾರು ಬೇಕಾದರೂ ಬರೆದು ತಿದ್ದಬಹುದಾದ ಜಾಲತಾಣ, ಇದೆ. ನನ್ನ ಅಕ್ಕ ಅದರಲ್ಲಿ ‘ದೊಡ್ಡಕ್ಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದಳು. ಹೊಟ್ಟೆಗೆ ಬಿಡುವ ಔಷಧಿ ನೀರಿನ ಚೀಲ ಜೋಡಿಸುವ ಮುಂಚೆ ಫ್ಯಾನ್ ಆರಿಸಬೇಕು, ಬೆಕ್ಕನ್ನು ಹೊರಗೆ ಹಾಕಬೇಕು, ಹೊಟ್ಟೆಯಿಂದ ಬಂದ ನೀರು ಮಬ್ಬಾಗಿದ್ದರೆ ಮುಖ ತೊಳೆಯಲೂ ನಿಲ್ಲದೆ ಆಸ್ಪತ್ರೆಗೆ ಓಡಬೇಕು, ಇಂಥವು. ಆರು ವರ್ಷ ಹಾಗೆ ಬದುಕಿದವಳ ಮಾತು ಎಂದು ಜನ ನಂಬುತ್ತಿದ್ದರು. ಎಂಟು ತಿಂಗಳ ಹಿಂದೆ ಅಕ್ಕ ತೀರಿಕೊಂಡಳು. ಅದನ್ನು ಅಲ್ಲಿ ತಿಳಿಸುವುದು ಅವಳ ಗಂಡ, ಅಂದರೆ ನನ್ನ ಭಾವನ ಕೆಲಸ ಎಂದು ನಾನು ಸುಮ್ಮನಿದ್ದೆ. ಆ ಪುಟಗಳನ್ನು ತೆರೆಯುವ ಧೈರ್ಯ ನನಗಿರಲಿಲ್ಲ.

ಎರಡು ತಿಂಗಳ ಹಿಂದೆ ವಿಕಿಯ ಮಾಲೀಕರು ಅದನ್ನು ಔಷಧಿ ಮಾರುವ ಕಂಪನಿಯೊಂದಕ್ಕೆ ಒಪ್ಪಿಸಿದರು. ಅಕ್ಕನ ಪುಟದಲ್ಲಿ, ಅಕ್ಕನ ಹೆಸರಿನ ಕೆಳಗೇ, ಅವಳು ಮೂಸಿಯೂ ನೋಡದ ಯಾವುದೋ ಪುಡಿಯ ಹೊಗಳಿಕೆ ಸೇರಿತು. ಗಿರಾಕಿಯೊಬ್ಬರು ಅದನ್ನು ಫೋನಿನಲ್ಲಿ ತೋರಿಸಿ, ಈ ಪುಡಿ ಒಳ್ಳೆಯದಾ ಎಂದು ಕೇಳಿದಾಗ ನನ್ನ ಕೈಲಿದ್ದ ಅವರ ಕನ್ನಡಕದ ಗಾಜು ಬಿದ್ದು ಒಡೆಯಿತು. ವಿಕಿಯ ಬರಹಗಳನ್ನು ಬಳಸುವ ಪರವಾನಗಿ ಪ್ರಕಾರ ಕಂಪನಿಯದು ತಪ್ಪಲ್ಲವಂತೆ. ಬರೆದವರ ಹೆಸರು ಉಳಿಸಿ ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ವ್ಯಾಪಾರಕ್ಕೂ ಬಳಸಬಹುದು.

ಇದರಿಂದ ಬೇಸತ್ತವರು ವಿಕಿಯನ್ನು ನಕಲು ತೆಗೆದು ಬೇರೆ ಒಲೆ ಹೂಡಲು ತೀರ್ಮಾನಿಸಿದರು. ನಾನೂ ಸೇರಿಕೊಂಡೆ. ಗುಂಪಿನ ಹಿರಿಯರು ಒಬ್ಬ ಗಣಿತದ ಮೇಷ್ಟ್ರು, ಅವರ ಮಗನಿಗೂ ಇದೇ ಕಾಯಿಲೆ. ಅವರ ಮನೆಯ ಪಡಸಾಲೆಯಲ್ಲಿ ಸಭೆಯಾಯಿತು. ಹಳೆಯ ಪರವಾನಗಿಯನ್ನೇ ಇಟ್ಟುಕೊಂಡಿದ್ದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ನಾವು ಮುಂದೆ ಬರೆಯುವುದನ್ನೂ ಕಂಪನಿ ಬಾಚಿಕೊಳ್ಳುತ್ತದೆ ಎಂಬ ಸಿಟ್ಟಿಗೆ, ವ್ಯಾಪಾರಕ್ಕೆ ಬಳಸಬಾರದು ಎಂಬ ಹೊಸ ಪರವಾನಗಿಗೆ ಹೋದೆವು. ಹಕ್ಕು ಬರೆದವರದೇ ಆದ್ದರಿಂದ ಒಬ್ಬೊಬ್ಬರ ಒಪ್ಪಿಗೆಯೂ ಬೇಕಾಯಿತು.

ಉತ್ತರ ಕೊಡದವರು ಒಪ್ಪಿದಂತೆಯೇ, ಮೌನಂ ಸಮ್ಮತಿ ಲಕ್ಷಣಂ ಅಲ್ವೇನಮ್ಮ ಎಂದು ಮೇಷ್ಟ್ರು ಕೇಳಿದರು. ಕಳ್ಳನೂ ಸದ್ದು ಮಾಡದೇ ಬರ್ತಾನೆ ಮೇಷ್ಟ್ರೇ ಎಂದು ನಾನು ಹೇಳಿದೆ. ನನ್ನ ಹಟಕ್ಕೆ ನಿಯಮ ಹೀಗಾಯಿತು: ಉತ್ತರ ಕೊಡದವರ ಪುಟ ಹೊಸ ಕಡೆಗೆ ಬರುವುದಿಲ್ಲ. ತೀರಿಕೊಂಡವರ ಪರವಾಗಿ ವಾರಸುದಾರರು ತಮ್ಮ ಹೆಸರಿನಲ್ಲಿ ಒಪ್ಪಬೇಕು, ಬರೆದವರ ಹೆಸರಿನ ಪಕ್ಕ ‘ದಿವಂಗತ’ ಎಂದು ಹಾಕಬೇಕು. ಅಕ್ಕನ ವಿಷಯ ನಾನು ಅಲ್ಲಿ ಬಾಯಿ ಬಿಡಲಿಲ್ಲ. ಭಾವನಿಗೆ ಫೋನ್ ಮಾಡಿ, ಅಕ್ಕನ ಪರವಾಗಿ ಒಪ್ಪಿಗೆ ನೀವೇ ಬರೆದುಬಿಡಿ ಎಂದೆ. ಆಯ್ತು, ನೋಡೋಣ ಎಂದರು.

ಕಳೆದ ಭಾನುವಾರ ಬೆಳಿಗ್ಗೆ 9.40ಕ್ಕೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ಗುಂಪಿಗೆ ಉತ್ತರ ಬಂತು. ಕಳಿಸಿದವರು ದೊಡ್ಡಕ್ಕ. ನನ್ನ ಒಪ್ಪಿಗೆ ಇದೆ, ಎಲ್ಲರೂ ಹುಷಾರಾಗಿರಿ ಎಂದಿತ್ತು. ನಾನು ಒದ್ದೆ ಕೈಯಲ್ಲೇ, ಅಕ್ಕಾ ತಿಂಡಿ ಆಯ್ತಾ ಎಂದು ಬರೆದು ಕಳಿಸಿದೆ. ಆಮೇಲೆ ಬುದ್ಧಿ ಬಂತು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ಈ ಮಾತು ಬೇಡ ಎಂದರು, ನಾನು ಬರೆಸಿದ್ದೇನೆ. ವಿಕಿಯಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ಎಂಟು ತಿಂಗಳಿನಿಂದಲೂ ದೊಡ್ಡಕ್ಕ ರೋಗಿಗಳಿಗೆ ಉತ್ತರ ಕೊಡುತ್ತಿದ್ದಳು. ಕಂಪನಿ ಬಂದು ಎರಡೇ ತಿಂಗಳು ಎಂಬುದು ಆಗ ಹೊಳೆಯದೆ, ಇದು ಅವರ ಕೈವಾಡ ಎಂದುಕೊಂಡು, ಸತ್ತವಳ ಹೆಸರಿನಲ್ಲಿ ಯಾರೋ ಮೋಸ ಮಾಡುತ್ತಿದ್ದಾರೆಂದು ಮಾರನೆಯ ದಿನ ದೂರು ಕೊಟ್ಟೆ.

ಆ ಉತ್ತರಗಳು ಹೋಗುತ್ತಿದ್ದುದು ಭಾವನ ಮನೆಯ ಇಂಟರ್ನೆಟ್ಟಿನಿಂದ ಎಂದು ಠಾಣೆಯವರು ಪತ್ತೆ ಹಚ್ಚಿದರು. ಇಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಕರೆಸಲಾಯಿತು. ಭಾವ ಲಿಫ್ಟ್ ರಿಪೇರಿ ಮಾಡುವವರು, ಕೆಲಸದಿಂದ ನೇರ ಬಂದಿದ್ದರು, ಬೆರಳಲ್ಲಿ ಗ್ರೀಸ್ ಇತ್ತು. ಹೌದು ನಾನೇ ಎಂದು ತಕ್ಷಣ ಒಪ್ಪಿಕೊಂಡರು. ವಿಕಿಯಲ್ಲಿ ‘ಗುಬ್ಬಿ’ ಎಂಬ ಹೆಸರಿನ ಒಬ್ಬ ಹುಡುಗಿಗೆ ಕೈಮಗುವಿದೆ, ಅವಳಿಗೂ ಇದೇ ಕಾಯಿಲೆ, ದಿನಾ ಬೆಳಿಗ್ಗೆ ಚೀಲ ಜೋಡಿಸುವ ಮುಂಚೆ ದೊಡ್ಡಕ್ಕನನ್ನು ಕೇಳುತ್ತಾಳೆ ಎಂದರು. ನಾನು ಹೇಳೋದು ಎಲ್ಲಾ ನಿಮ್ಮಕ್ಕನ ಮಾತೇ, ಒಂದು ಮಾತೂ ನನ್ನದಲ್ಲ ಎಂದು ಭಾವ ಹೇಳಿದರು. ನೀವು ಆರು ವರ್ಷದಿಂದ ಚೆನ್ನಾಗಿದ್ದೀರಲ್ಲ ಅಕ್ಕ, ನನಗೂ ಆಗುತ್ತೆ ಅಂತಾಳೆ ಆ ಹುಡುಗಿ. ಅವಳಿಗೆ ದಿವಂಗತ ಅಂತ ಹೇಗೆ ತೋರಿಸ್ಲಿ, ನೀನೇ ಹೇಳು ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ಬಂತು. ಹಳೇ ಕಡೆ ಅಕ್ಕ ಪುಡಿ ಮಾರ್ತಾ ಕೂತಿದ್ದಾಳೆ ಭಾವ, ಅದನ್ನೂ ಆ ಹುಡುಗಿ ಓದ್ತಾಳೆ, ನಂಬ್ತಾಳೆ ಎಂದೆ.

ಭಾವ ಬೆರಳಿನ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನ್ ತೆಗೆದರು. 3.50ಕ್ಕೆ ಠಾಣೆಯ ಬೆಂಚಿನ ಮೇಲೆ ಕೂತು, ವಾರಸುದಾರನಾಗಿ ತಮ್ಮ ಹೆಸರಿನಲ್ಲೇ ಒಪ್ಪಿಗೆ ಬರೆದರು. ಹತ್ತು ನಿಮಿಷದಲ್ಲಿ ಮೇಷ್ಟ್ರು ಅಕ್ಕನ ಪುಟಗಳನ್ನು ಪುಡಿಯ ಮಾತು ತೆಗೆದು ಹೊಸ ಕಡೆಗೆ ಸೇರಿಸಿದರು. ಹೆಸರಿನ ಪಕ್ಕ ದಿವಂಗತ ಎಂದು ಬಂತು.

4.06ಕ್ಕೆ ಗುಬ್ಬಿ ಅದರ ಕೆಳಗೆ, ಯಾವಾಗ ಎಂದು ಕೇಳಿದಳು. ಭಾವ ಫೋನನ್ನು ನನ್ನ ಕೈಗೆ ಕೊಟ್ಟರು. ಎಂಟು ತಿಂಗಳಾಯಿತು ಎಂದು ನಾನು ಬರೆದೆ. ಹಾಗಾದ್ರೆ ನಾಳೆ ಬೆಳಿಗ್ಗೆ ಯಾರನ್ನ ಕೇಳ್ಲಿ ಎಂದು ಅವಳು ಬರೆದಳು. ಭಾವನ ಫೋನ್ ಈಗಲೂ ನನ್ನ ಕೈಯಲ್ಲೇ ಇದೆ.

ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ಬರೆದಿದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಠಾಣೆ
ದಿನ: ಗುರುವಾರ, ಸಂಜೆ 5.15
(ಸಹಿ) ಫಿರ್ಯಾದಿ, ದೊಡ್ಡಕ್ಕನ ತಂಗಿ