ರೋಬೋಗೆ ಹೆದರದ ಮುನಿಕೃಷ್ಣ

ಬಿಡದಿಯ ಬಸ್ ಸ್ಟಾಪಿನಲ್ಲಿ ಕಾರು ಫ್ಯಾಕ್ಟರಿಯ ಇಬ್ಬರು ಕೆಲಸಗಾರರು ನನ್ನ ಪಕ್ಕ ನಿಂತಿದ್ದರು. ಅವತ್ತು ಅವರಲ್ಲಿಗೆ ವೆಲ್ಡಿಂಗ್ ರೋಬೋ ಬಂದಿತ್ತಂತೆ.

“ಏನ್ಲಾ ಮುನಿಕೃಷ್ಣ, ಕಟಿಂಗ್ ಶಾಪಿನೋನ ರೇಜರಿಗೂ ಕುತ್ತಿಗೆ ಕೊಡ್ದೆ ಮನೇಲೇ ಗಡ್ಡ ಕೆರ್ಕೊಳೋನು ನೀನು. ಆ ರೋಬೋ ಕೈ ಮೂತಿ ಹತ್ರ ಬಂದು ನಿಂತ್ರೂ ಕಣ್ಣು ಪಿಳುಕಿಸ್ಲಿಲ್ವಲ್ಲಾ!”

“ಬೆಳಗಿಂದ ನೋಡ್ದೆ ಕಣ್ಲಾ ಲಿಂಗರಾಜು. ಪ್ರತಿ ಸಲಾನೂ ಅದೇ ಜಾಗದಲ್ಲಿ ನಿಲ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ! ಇನ್ಯಾಕ್ಲಾ ಹೆದರ್ಲಿ?”

“ನಾನು ಯಾರನ್ನ ಬೇಕಾದ್ರೂ ನಂಬ್ತೀನಿ, ಅದುನ್ನ ಮಾತ್ರ ಆಗಕಿಲ್ಲ. ‘ಲೇ, ಒಸಿ ತಡೀಲಾ’ ಅಂದ್ರೆ ಕೇಳ್ತದಾ?”

“ಹಳೇ ಜಗಳಾನೂ ಅದುಕ್ಕೆ ನೆಪ್ಪಿರಕಿಲ್ಲ. ರೇಜರ್ ಹಿಡ್ದೋನ ಮನಸಲ್ಲಿ ಏನೈತೆ ಅಂತ ಯಾರಿಗ್ಗೊತ್ತು?”

ಬಸ್ಸು ಬಂತು. ಬೋರ್ಡಿನಲ್ಲಿ ದೊಡ್ಡದಾಗಿ ‘ಮಾಗಡಿ’ ಎಂದಿತ್ತು. ಲಿಂಗರಾಜು ಹತ್ತಿ ಕೂತ. ಮುನಿಕೃಷ್ಣ ಮಾಗಡಿಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿದ, ಸಾಲದೆಂದು ಡ್ರೈವರನ್ನು ಕೇಳಿದ, ಆಮೇಲೆ ನನ್ನನ್ನೂ ಕೇಳಿ ಹತ್ತಿದ.